ಕೇರಾಫ್ ವಿಳಾಸ

ಈ ಸಲದ ಸಂಚಿಕೆಗೆ ಕವಿತೆಗಳೇ ಹೆಚ್ಚಾಗಿವೆ, ಉಪಯೋಗಕ್ಕೆ ಬರುವಂಥದ್ದು ಏನಾದರೂ ಬರೆದುಕೊಡಿ ಎಂದು ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. ನನಗೆ ಗೊತ್ತಿರುವುದು ಆಫೀಸುಗಳಲ್ಲಿ ಕಂಪ್ಯೂಟರ್ ಜಾಲ ಕಟ್ಟುವ ಕೆಲಸ ಒಂದೇ. ಅದರಲ್ಲೂ ದಿನ ಬೆಳಗಾದರೆ ತಲೆ ತಿನ್ನುವುದು ‘ನ್ಯಾಟ್’ ಎಂಬ ವಸ್ತು. ನೆಟ್‌ವರ್ಕ್ ಅಡ್ರೆಸ್ ಟ್ರಾನ್ಸ್‌ಲೇಶನ್ ಎಂದು ಅದರ ಪೂರ್ತಿ ಹೆಸರು. ನಮ್ಮ ಮಟ್ಟಿಗೆ ವಿಳಾಸ ಬದಲಾವಣೆ ಎಂದರೆ ಸಾಕು. ನಿಮ್ಮಲ್ಲಿ ಕೆಲವರಾದರೂ ನಾಳೆ ಇದೇ ಕೆಲಸಕ್ಕೆ ಬರುವವರು. ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡದಿದ್ದರೆ ಅಷ್ಟೇ ಲಾಭ.

ಅದಕ್ಕೆ ಮೊದಲು ಅಪ್ಪಯ್ಯನ ಕತೆ ಸ್ವಲ್ಪ ಹೇಳಬೇಕು. ಕುಂದಾಪುರದ ಕಡೆಯಿಂದ ಬಂದು ಮಾಟುಂಗದ ಒಂದು ಹೋಟೆಲಿನಲ್ಲಿ ಮಾಣಿಯಾಗಿ ಸೇರಿದಾಗ ಅಪ್ಪಯ್ಯನಿಗೆ ಮುಂಬಯಿಯಲ್ಲಿ ಸ್ವಂತ ವಿಳಾಸ ಎಂಬುದೇ ಇರಲಿಲ್ಲ. ಹಗಲು ಹೋಟೆಲಿನಲ್ಲೇ, ರಾತ್ರಿ ಮಲಗುವುದೂ ಅಲ್ಲಿಯ ಬೆಂಚಿನ ಮೇಲೆಯೇ. ಇಪ್ಪತ್ತು ಮಂದಿ ಹುಡುಗರಿಗೂ ಊರಿನಿಂದ ಬರುವ ಕಾಗದ ಒಂದೇ ವಿಳಾಸಕ್ಕೆ: ಕೇರಾಫ್ ಹೋಟೆಲು. ಅಂಚೆಯವನು ಕಟ್ಟನ್ನು ಗಲ್ಲಾದ ಮೇಲೆ ಇಟ್ಟು ಹೋಗುತ್ತಿದ್ದ. ಯಾವುದು ಯಾರದು ಎಂದು ನೋಡಿ ಒಳಗೆ ಕೊಡುವುದು ಗಲ್ಲಾದಲ್ಲಿ ಕೂತ ಮೆನೇಜರರ ಕೆಲಸ. ಊರಿನವರಿಗೆ ಗೊತ್ತಿದ್ದದ್ದು ಹೋಟೆಲಿನ ಹೆಸರು ಮಾತ್ರ. ಒಳಗೆ ಎಷ್ಟು ಮಂದಿ ಇದ್ದಾರೆ, ಯಾರು ಯಾವ ಬೆಂಚಿನಲ್ಲಿ ಮಲಗುತ್ತಾರೆ, ಅವರಿಗೇಕೆ?

ಆಫೀಸಿನ ರೌಟರು ಆ ಗಲ್ಲಾದ ಮೆನೇಜರು.

ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿ, ಅಂದರೆ ಐಪಿ ನಾಲ್ಕನೆಯ ಆವೃತ್ತಿ, 32 ಬಿಟ್ಟುಗಳದ್ದು. ಎಲ್ಲ ಕೂಡಿ ಸುಮಾರು 429 ಕೋಟಿ ವಿಳಾಸ. ಶುರುವಿನಲ್ಲಿ ಇದು ಧಾರಾಳ ಎನಿಸಿತ್ತು. 1990ರ ದಶಕದ ಆರಂಭಕ್ಕೇ ಇದು ಸಾಲದು ಎಂದು ಗೊತ್ತಾಯಿತು. 1994ರ ಮೇ ತಿಂಗಳಲ್ಲಿ ಎಗೆವಾಂಗ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು ನ್ಯಾಟ್ ಎಂಬ ಉಪಾಯವನ್ನು ಬರೆದಿಟ್ಟರು. ಅದನ್ನು ಅವರು ಮುಂದಿಟ್ಟದ್ದು ತಾತ್ಕಾಲಿಕ ಪರಿಹಾರವೆಂದು. ಮೂವತ್ತು ವರ್ಷ ದಾಟಿತು, ತಾತ್ಕಾಲಿಕ ಇನ್ನೂ ಮುಗಿದಿಲ್ಲ. (ಮುಂಬಯಿಯಲ್ಲಿ ‘ಎರಡು ವರ್ಷ ದುಡಿದು ಊರಿಗೆ ಹೋಗ್ತೇನೆ’ ಎಂದು ಬಂದವರ ಹಾಗೆ.) 1996ರಲ್ಲಿ ಒಳಗಡೆಯ ಬಳಕೆಗೆಂದು ಮೂರು ಗುಂಪು ವಿಳಾಸಗಳನ್ನು ತೆಗೆದಿಟ್ಟರು: 10 ರಿಂದ ಶುರುವಾಗುವವು, 172.16 ರಿಂದ 172.31 ರವರೆಗಿನವು, 192.168 ರಿಂದ ಶುರುವಾಗುವವು. ಇವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ, ಆಫೀಸಿನೊಳಗೆ ಬಳಸಬಹುದು. ಆದರೆ ಹೊರಗಿನ ಇಂಟರ್‌ನೆಟ್ಟಿನಲ್ಲಿ ಇವಕ್ಕೆ ದಾರಿ ಇಲ್ಲ. ಬೆಂಚಿನ ನಂಬರು ಬರೆದು ಅಂಚೆಗೆ ಹಾಕಿದರೆ ಕಾಗದ ಎಲ್ಲಿಗೆ ಹೋದೀತು? 2011ರ ಫೆಬ್ರವರಿ 3ರಂದು ಜಾಗತಿಕ ದಾಸ್ತಾನಿನ ಕೊನೆಯ ವಿಳಾಸಗಟ್ಟುಗಳೂ ಹಂಚಿಹೋದವು.

ಇನ್ನು ಕೆಲಸ ನಡೆಯುವ ರೀತಿ. ನಿಮ್ಮ ಕಂಪ್ಯೂಟರಿನ ವಿಳಾಸ 192.168.10.41 ಎಂದಿಟ್ಟುಕೊಳ್ಳಿ. ಆಫೀಸಿಗೆ ಹೊರಗಿನ ವಿಳಾಸ ಒಂದೇ, 203.0.113.10. (ಇದು ಉದಾಹರಣೆಗೆಂದೇ ಮೀಸಲಿಟ್ಟ ವಿಳಾಸ, ಯಾರದೂ ಅಲ್ಲ.) ನೀವು ಒಂದು ಜಾಲತಾಣ ತೆರೆದಾಗ ಪ್ಯಾಕೆಟ್ಟು ರೌಟರಿಗೆ ಬರುತ್ತದೆ. ರೌಟರು ‘ಕಳುಹಿಸಿದವರು’ ಎಂಬ ಜಾಗದಲ್ಲಿ ನಿಮ್ಮ ವಿಳಾಸ ಒರಸಿ ಆಫೀಸಿನ ವಿಳಾಸ ಬರೆಯುತ್ತದೆ. ಅಷ್ಟೇ ಮಾಡಿದರೆ ಉತ್ತರ ಬಂದಾಗ ಯಾರಿಗೆ ಕೊಡಬೇಕೆಂದು ತಿಳಿಯುವುದಿಲ್ಲ. ಅಪ್ಪಯ್ಯನ ಕಾಗದದ ಮೇಲೆ ಅಪ್ಪಯ್ಯನ ಹೆಸರಿರುತ್ತಿತ್ತು. ಪ್ಯಾಕೆಟ್ಟಿನ ಮೇಲೆ ಹೆಸರಿಲ್ಲ. ಅದಕ್ಕಾಗಿ ರೌಟರು ಪೋರ್ಟ್ ನಂಬರನ್ನೂ ಬಳಸಿಕೊಳ್ಳುತ್ತದೆ. ‘ಇಂಥ ಹೊತ್ತಿಗೆ 41ನೆಯವನ ಪ್ಯಾಕೆಟ್ಟು ನಮ್ಮ 50217ನೆಯ ಪೋರ್ಟಿನಿಂದ ಇಂಥಲ್ಲಿಗೆ ಹೋಯಿತು’ ಎಂದು ತನ್ನ ಪಟ್ಟಿಯಲ್ಲಿ ಬರೆದುಕೊಂಡು, ಉತ್ತರ 50217ಕ್ಕೆ ಬಂದಾಗ ಪಟ್ಟಿ ನೋಡಿ, ವಿಳಾಸವನ್ನು ತಿರುಗಿ ಬದಲಿಸಿ ನಿಮಗೆ ಕೊಡುತ್ತದೆ. ಒಂದು ವಿಳಾಸಕ್ಕೆ ಇಂಥ ನಂಬರುಗಳು ಸುಮಾರು 65 ಸಾವಿರ. ನೂರು ಇನ್ನೂರು ಜನರ ಆಫೀಸು ಒಂದೇ ವಿಳಾಸದಲ್ಲಿ ಸುಖವಾಗಿ ನಡೆಯುವುದು ಹೀಗೆ.

ಪಟ್ಟಿಯ ಸಾಲುಗಳು ಶಾಶ್ವತವಲ್ಲ. ಸ್ವಲ್ಪ ಹೊತ್ತು ಮಾತಿಲ್ಲದಿದ್ದರೆ ರೌಟರು ಆ ಸಾಲನ್ನು ಒರಸಿಬಿಡುತ್ತದೆ. ಫೋನು, ವೀಡಿಯೋ ಮುಂತಾದವು ಬಳಸುವ ಯುಡಿಪಿ ರೀತಿಯ ಮಾತುಕತೆಗೆ ಎರಡು ನಿಮಿಷವಾದರೂ ಕಾಯಬೇಕೆಂದು ಕ್ರಮವಿದೆ. ಮೂವತ್ತು ಸೆಕೆಂಡಿಗೇ ಒರಸುವ ಪೆಟ್ಟಿಗೆಗಳೂ ಬೇಕಾದಷ್ಟಿವೆ. ಆಫೀಸಿನ ಇಂಟರ್‌ನೆಟ್ ಫೋನು ರಿಂಗೇ ಆಗದೆ ಹೋದರೆ ಮೊದಲು ಇಲ್ಲಿ ನೋಡಿರಿ.

ಆಫೀಸಿನ ಜಾಲದಲ್ಲಿ ನಿಯಮ, ನಾವು ಆಡುಮಾತಿನಲ್ಲಿ ‘ರೂಲು’ ಎನ್ನುವುದು, ಯಾವ ಕಂಪೆನಿಯ ಪೆಟ್ಟಿಗೆಯಲ್ಲಾದರೂ ಎರಡು ಭಾಗದ್ದು. ಮೊದಲ ಭಾಗ: ಎಂಥ ಪ್ಯಾಕೆಟ್ಟು? ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು, ಯಾವ ಪೋರ್ಟು, ಯಾವ ಬಾಗಿಲು. ಎರಡನೆಯದು: ಅದರಲ್ಲಿ ಏನನ್ನು ಏನಾಗಿ ಬದಲಿಸಬೇಕು. ಹೊಸಬರು ಎಲ್ಲರೂ ಎರಡನೆಯ ಭಾಗವನ್ನು ಜಾಗ್ರತೆಯಿಂದ ಬರೆಯುತ್ತಾರೆ, ಮೊದಲನೆಯ ಭಾಗದಲ್ಲಿ ‘ಯಾವುದಾದರೂ’ ಎಂದು ಬಿಟ್ಟುಬಿಡುತ್ತಾರೆ. ನಾನೂ ಹಾಗೆಯೇ ಬಿಟ್ಟವನು. ಅದರ ವಿಷಯ ಆಮೇಲೆ.

ನಾನು ನೋಡಿಕೊಳ್ಳುತ್ತಿದ್ದ ಆಫೀಸಿನದೇ ಮಾದರಿ ಹೇಳುತ್ತೇನೆ. ಅಂಧೇರಿಯಲ್ಲಿ ಆಫೀಸು, ಭಿವಂಡಿಯಲ್ಲಿ ಗೋದಾಮು. ಅಂಧೇರಿಯ ಜಾಲ 192.168.10, ಗೋದಾಮಿನದು 192.168.20. ಎರಡರ ನಡುವೆ ಇಂಟರ್‌ನೆಟ್ಟಿನೊಳಗಿಂದಲೇ ಗುಪ್ತ ಸುರಂಗ, ಅಂದರೆ ವಿಪಿಎನ್. ಸಾಮಾನ್ಯ ರೂಲು ಒಂದು ಇರುತ್ತದೆ: 192.168.10 ರಿಂದ ಹೊರಗೆ ಹೋಗುವುದೆಲ್ಲ 203.0.113.10 ಆಗಲಿ. ಸರಿ. ಆದರೆ ಭಿವಂಡಿಗೆ ಹೋಗಬೇಕಾದ ಪ್ಯಾಕೆಟ್ಟೂ ‘ಹೊರಗೆ ಹೋಗುವುದೇ’ ಅಲ್ಲವೇ? ಅದರ ವಿಳಾಸವೂ ಬದಲಾಯಿತೆಂದರೆ ಸುರಂಗದ ಕಾವಲಿನವನು ‘ಇದು ನಮ್ಮ 10ನೆಯ ಮನೆಯದಲ್ಲ’ ಎಂದು ಒಳಕ್ಕೆ ಬಿಡುವುದಿಲ್ಲ. ಅದು ಬೀದಿಗೆ ಬಿದ್ದು ಸಾಯುತ್ತದೆ. ಆದ್ದರಿಂದ ‘10 ರಿಂದ 20ಕ್ಕೆ ಹೋಗುವುದನ್ನು ಬದಲಿಸಬೇಡ’ ಎಂಬ ರೂಲನ್ನು ಸಾಮಾನ್ಯ ರೂಲಿಗಿಂತ ಮೇಲೆ ಬರೆಯಬೇಕು. ರೌಟರು ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿದ ಸಾಲಿಗೇ ನಿಲ್ಲುತ್ತದೆ. ಕೆಳಗಿನ ಸಾಲು ಎಷ್ಟು ಸರಿಯಾಗಿದ್ದರೂ ಅದರ ಸರದಿ ಬರುವುದಿಲ್ಲ. ನಾನು ಈ ಕೆಲಸಕ್ಕೆ ಸೇರಿದ ಮೊದಲ ವಾರ ಇಡೀ ದಿನ ಹಾಳಾದದ್ದು ಈ ಒಂದು ಸಾಲನ್ನು ಮೇಲೆ ತರಲಿಕ್ಕೆ.

ಮೇಲ್ ಸರ್ವರಿಗೂ ಪ್ರತ್ಯೇಕ ಸಾಲು ಬೇಕು. ಎರಡನೆಯ ಹೊರವಿಳಾಸ ಇದ್ದರೆ ಅದನ್ನು ಮೇಲ್ ಸರ್ವರಿಗೇ ಒಂದಕ್ಕೊಂದರಂತೆ ಮೀಸಲಿಡಿ. ಇಲ್ಲದಿದ್ದರೆ ಅದರ ಪತ್ರಗಳೂ ಸಾಮಾನ್ಯ ವಿಳಾಸದಿಂದ ಹೋಗಿ, ಆಚೆಯವರು ‘ಈ ವಿಳಾಸಕ್ಕೂ ನಿಮ್ಮ ಹೆಸರಿಗೂ ತಾಳೆಯಿಲ್ಲ’ ಎಂದು ವಾಪಸು ಮಾಡುತ್ತಾರೆ. ಇದೂ ಸಾಮಾನ್ಯ ರೂಲಿಗಿಂತ ಮೇಲೆಯೇ.

ಹೊರಗಿನಿಂದ ಒಳಗೆ ಬರುವವರಿಗೆ ಇನ್ನೊಂದು ಜಾತಿಯ ರೂಲು. ‘203.0.113.10ರ 443ನೆಯ ಪೋರ್ಟಿಗೆ ಬಂದದ್ದನ್ನು ಒಳಗಿನ 192.168.10.25ಕ್ಕೆ ಕೊಡು.’ ಇಲ್ಲಿ ಬದಲಾಗುವುದು ಕಳುಹಿಸಿದವರ ವಿಳಾಸವಲ್ಲ, ತಲುಪಬೇಕಾದವರ ವಿಳಾಸ. ಇದರ ಜೊತೆ ಫೈರ್‌ವಾಲಿನ ಒಪ್ಪಿಗೆಯೂ ಬೇಕು, ಮತ್ತು ಅಲ್ಲಿ ಯಾವ ವಿಳಾಸ ಬರೆಯಬೇಕೆಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಮತ. ಲಿನಕ್ಸಿನಲ್ಲಿ ವಿಳಾಸ ಮೊದಲೇ ಬದಲಾಗಿರುವುದರಿಂದ ಒಪ್ಪಿಗೆಯಲ್ಲಿ ಒಳಗಿನ ವಿಳಾಸ ಬರೆಯಬೇಕು. ಸಿಸ್ಕೋದ ಎಎಸ್‌ಎ ಪೆಟ್ಟಿಗೆಯಲ್ಲಿ 8.3ನೆಯ ಆವೃತ್ತಿಗಿಂತ ಮೊದಲು ಹೊರಗಿನದನ್ನು ಬರೆಯುತ್ತಿದ್ದರು, ಆಮೇಲೆ ಒಳಗಿನದು. ಪಾಲೋ ಆಲ್ಟೋದಲ್ಲಿ ವಿಳಾಸ ಬದಲಾಗುವ ಮುಂಚಿನದು, ಆದರೆ ವಲಯ ಮಾತ್ರ ಬದಲಾದ ಮೇಲಿನದು! ಇದಕ್ಕೆ ತರ್ಕ ಹುಡುಕುತ್ತ ಕೂರಬೇಡಿ, ಆಯಾ ಪೆಟ್ಟಿಗೆಯ ಕೈಪಿಡಿ ತೆಗೆದು ಓದಿ.

ಈಗ ಹೇರ್‌ಪಿನ್ ಎಂಬ ತಮಾಷೆ. ಹೆಂಗಸರ ತಲೆಪಿನ್ನಿನ ಹಾಗೆ ಹೋದ ದಾರಿಯಲ್ಲೇ ತಿರುಗುವುದರಿಂದ ಆ ಹೆಸರು. ನಮ್ಮ 25ನೆಯ ಸರ್ವರಿನಲ್ಲಿ ಆರ್ಡರು ಬರೆಯುವ ಒಂದು ಪುಟ ಇತ್ತು. ಸೇಲ್ಸಿನ ಹುಡುಗರು ಹೊರಗೆ ತಿರುಗುವಾಗ ಹೊರಗಿನ ಹೆಸರಿನಿಂದ ಅದನ್ನು ತೆರೆಯುತ್ತಿದ್ದರು. ಆಫೀಸಿಗೆ ಬಂದಾಗ ಅದೇ ಹೆಸರು ಒತ್ತಿದರೆ ತೆರೆಯುತ್ತಿರಲಿಲ್ಲ. ಯಾಕೆಂದರೆ 41ನೆಯವನು ಕಾಗದ ಬರೆದದ್ದು 203.0.113.10ಕ್ಕೆ, ರೌಟರು ಅದನ್ನು ತಿರುಗಿಸಿ 25ಕ್ಕೆ ಕೊಟ್ಟಿತು, 25ನೆಯವನು ನೋಡಿದರೆ ಬರೆದವನು ಪಕ್ಕದ ಮೇಜಿನ 41! ಸೀದಾ ಅವನ ಕೈಗೇ ಉತ್ತರ ಕೊಟ್ಟ, ರೌಟರಿನ ಮೂಲಕ ಹೋಗಲಿಲ್ಲ. 41ನೆಯವನಿಗೆ ಗೊಂದಲ: ನಾನು ಬರೆದದ್ದು ಹೊರಗಿನವನಿಗೆ, ಉತ್ತರ ಕೊಡಲಿಕ್ಕೆ ಇವನ್ಯಾರು? ಎಸೆದುಬಿಟ್ಟ.

ಪರಿಹಾರ ಎರಡುಂಟು. ಒಳಗಿರುವವರಿಗೆ ಆ ಹೆಸರಿನ ಅರ್ಥ 192.168.10.25 ಎಂದೇ ಹೇಳುವಂತೆ ಒಳಗಿನ ಡಿಎನ್‌ಎಸ್ ಹೆಸರುಪಟ್ಟಿಯನ್ನು ತಿದ್ದುವುದು ಒಂದು, ಇದು ಒಳ್ಳೆಯದು. ಇನ್ನೊಂದು, ಹೀಗೆ ತಿರುಗುವ ಪ್ಯಾಕೆಟ್ಟಿನಲ್ಲಿ ಕಳುಹಿಸಿದವರ ವಿಳಾಸವನ್ನೂ ರೌಟರಿನ ಒಳವಿಳಾಸ 192.168.10.1 ಎಂದು ಬದಲಿಸುವುದು. ಆಗ ಸರ್ವರು ರೌಟರಿಗೇ ಉತ್ತರ ಕೊಡುತ್ತದೆ, ರೌಟರು ಎರಡನ್ನೂ ಸರಿಮಾಡಿ 41ಕ್ಕೆ ಕೊಡುತ್ತದೆ.

ನಾನು ಎರಡನೆಯದನ್ನು ಮಾಡಿದೆ. ‘192.168.10 ರಿಂದ ಹೊರಟು 25ಕ್ಕೆ ಹೋಗುವುದನ್ನು’ ಎಂದು ಬರೆಯಬೇಕಿತ್ತು. ನಾನು ಬರೆದದ್ದು ‘ಎಲ್ಲಿಂದಲಾದರೂ ಹೊರಟು 25ಕ್ಕೆ ಹೋಗುವುದನ್ನು’. ಪುಟ ತೆರೆಯಿತು, ಎಲ್ಲರಿಗೂ ಖುಷಿ. ಹೊರಗಿನಿಂದ ಬರುವವರ ವಿಳಾಸವೂ ಅಂದಿನಿಂದ ಒರಸಿಹೋಗುತ್ತಿದೆ ಎಂಬುದು ಯಾರ ಕಣ್ಣಿಗೂ ಬೀಳಲಿಲ್ಲ. ಸರ್ವರಿನ ಲೆಕ್ಕದಲ್ಲಿ ಜಗತ್ತಿನ ಸಮಸ್ತರೂ 192.168.10.1.

2020ರ ಮಾರ್ಚ್ 24ರ ರಾತ್ರಿ ಲಾಕ್‌ಡೌನ್ ಘೋಷಣೆಯಾಯಿತು, 21 ದಿವಸ ಎಂದರು. ಆ 25ನೆಯ ಸರ್ವರಿನಲ್ಲೇ ಆಫೀಸಿನ ಲೆಕ್ಕಪತ್ರವೂ ಇತ್ತು. ಲೆಕ್ಕ ನೋಡುವವರು ಧಾರವಾಡದ ಕಡೆಯ ಒಬ್ಬ ಹಿರಿಯರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಡೊಂಬಿವಲಿಯ ಮನೆಯಿಂದಲೇ ಅವರು ಕೆಲಸ ಮಾಡಬೇಕಿತ್ತು. ನಾನು ಅರ್ಧ ಗಂಟೆಯಲ್ಲಿ ಒಂದು ರೂಲು ಬರೆದು ರಿಮೋಟ್ ಡೆಸ್ಕ್‌ಟಾಪಿನ ಪೋರ್ಟನ್ನು ಹೊರಗಿನಿಂದ 25ಕ್ಕೆ ತೆರೆದೆ. 3389 ಎಂದರೆ ಎಲ್ಲರಿಗೂ ಗೊತ್ತು ಎಂದು ಜಾಣತನದಿಂದ ಹೊರಗಿನ ನಂಬರು 33890 ಎಂದಿಟ್ಟೆ. ಕಾಕಾರ ಮನೆಯ ಇಂಟರ್‌ನೆಟ್ ವಿಳಾಸ ದಿನಕ್ಕೊಂದು ಸಲ ಬದಲಾಗುತ್ತಿದ್ದುದರಿಂದ ‘ಎಲ್ಲಿಂದಲಾದರೂ’ ಎಂದು ಬಿಟ್ಟೆ. ಇಪ್ಪತ್ತೊಂದು ದಿನಕ್ಕೆ ತಾನೇ?

ಇಲ್ಲೊಂದು ಮಾತು ನಿಲ್ಲಿಸಿ ಹೇಳಬೇಕು. ನ್ಯಾಟ್ ಇದೆ, ಹಾಗಾಗಿ ನಾವು ಸುರಕ್ಷಿತ ಎಂಬ ಮಾತನ್ನು ಈ ವೃತ್ತಿಯಲ್ಲಿ ದಿನಾ ಕೇಳುತ್ತೀರಿ. ಅದು ಅರ್ಧ ಸತ್ಯ. ಯಾರೂ ಕೇಳದೆ ಹೊರಗಿನಿಂದ ಪ್ಯಾಕೆಟ್ಟು ಬಂದರೆ ಪಟ್ಟಿಯಲ್ಲಿ ಅದಕ್ಕೆ ಸಾಲಿಲ್ಲ, ಯಾರಿಗೆ ಕೊಡುವುದೆಂದು ತಿಳಿಯದೆ ರೌಟರು ಬಿಸಾಡುತ್ತದೆ. ಇದು ಕಾವಲಲ್ಲ, ಗೊತ್ತಿಲ್ಲದ್ದರಿಂದ ಆಗುವ ಉಪಕಾರ. ಒಳಕ್ಕೆ ಒಂದು ರೂಲು ಬರೆದ ಕ್ಷಣ ಆ ಪೋರ್ಟಿನ ಮಟ್ಟಿಗೆ ಆ ಉಪಕಾರವೂ ಹೋಯಿತು. ಇಂಟರ್‌ನೆಟ್ಟಿನ ಒಂದೊಂದು ವಿಳಾಸದ ಒಂದೊಂದು ಪೋರ್ಟನ್ನೂ ತಟ್ಟಿ ನೋಡುವ ಯಂತ್ರಗಳು ಹಗಲೂ ರಾತ್ರಿ ಓಡುತ್ತಿರುತ್ತವೆ. 33890 ಎಂಬುದು ಅವಕ್ಕೆ ಯಾವ ಗುಟ್ಟೂ ಅಲ್ಲ.

ಇಪ್ಪತ್ತೊಂದು ದಿನ ತಿಂಗಳುಗಳಾದವು. ರೂಲು ಹಾಗೇ ಇತ್ತು. ನವೆಂಬರಿನಲ್ಲಿ, ದೀಪಾವಳಿ ಕಳೆದ ವಾರ, ಬೆಳಿಗ್ಗೆ ಕಾಕಾ ಫೋನ್ ಮಾಡಿದರು: ಫೈಲು ಯಾವುದೂ ತೆರೆಯುತ್ತಿಲ್ಲ, ಹೆಸರುಗಳೆಲ್ಲ ವಿಚಿತ್ರ ಆಗಿವೆ. ಎಲ್ಲವನ್ನೂ ಬೀಗ ಹಾಕಿ, ದುಡ್ಡು ಕೊಟ್ಟರೆ ಬೀಗದ ಕೈ ಕೊಡುತ್ತೇವೆ ಎಂದು ಚೀಟಿ ಇಟ್ಟಿದ್ದರು. ಸರ್ವರಿಗೆ ಸದಾ ಚುಚ್ಚಿಟ್ಟಿದ್ದ ಬ್ಯಾಕಪ್ ಡಿಸ್ಕಿಗೂ ಅದೇ ಗತಿ. ಉಳಿದದ್ದು ಮೂರು ವಾರದ ಹಿಂದೆ ಕಾಕಾ ಪ್ರತಿ ಮಾಡಿ ಡ್ರಾಯರಿನಲ್ಲಿ ಇಟ್ಟಿದ್ದ ಇನ್ನೊಂದು ಡಿಸ್ಕು ಮಾತ್ರ.

ಯಜಮಾನರು ಲಾಗ್ ತೆಗೆಸಿ ನೋಡಿದರು. ರಾತ್ರಿ 2 ಗಂಟೆಯ ಹೊತ್ತಿಗೆ ಕಾಕಾರ ಹೆಸರಿನಲ್ಲಿ ಲಾಗಿನ್, ಬಂದದ್ದು 192.168.10.1 ರಿಂದ. ಹಗಲು ಕಾಕಾ ಕೆಲಸ ಮಾಡಿದ ಪ್ರತಿಯೊಂದು ಲಾಗಿನ್ನೂ 192.168.10.1 ರಿಂದಲೇ. ಎರಡೂ ಒಂದೇ ವಿಳಾಸ, ಒಂದೇ ಹೆಸರು. ಅವರಿಗೆ ಬೇರೇನು ಬೇಕು? ಪಾಸ್‌ವರ್ಡ್ ಯಾರಿಗೆ ಕೊಟ್ಟಿರಿ ಎಂದು ಎಲ್ಲರೆದುರು ಕೇಳಿದರು. ಕಾಕಾ ಅಂದು ಹೆಚ್ಚು ಮಾತಾಡಲಿಲ್ಲ. “ರಾತ್ರಿ ಎರಡು ಗಂಟೇಕ್ಕ ನನಗ ಕನ್ನಡಕ ಹಾಕ್ಕೊಂಡ್ರೂ ಕಾಣಂಗಿಲ್ರೀ ಸಾಹೇಬ್ರ,” ಎಂದಷ್ಟೇ ಅಂದು ಸುಮ್ಮನಾದರು.

ನಾನು ಆ ಮೀಟಿಂಗಿನಲ್ಲಿ ಬಾಯಿ ಬಿಡಲಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. 192.168.10.1 ಎಂದು ಕಂಡಾಗಲೇ ನನಗೆ ಹೊಟ್ಟೆಯಲ್ಲಿ ಏನೋ ಆಗಿತ್ತು. ಆದರೆ ಒಂದು ದಿನ ಕಳೆಯಿತು. ಮರುದಿನ ಕೂತು ಲಾಗ್ ಪೂರ್ತಿ ಓದಿದೆ. ವಿಂಡೋಸಿನಲ್ಲಿ ಲಾಗಿನ್ ಆದದ್ದಕ್ಕೆ 4624 ಎಂದೂ ಆಗದೆ ಹೋದದ್ದಕ್ಕೆ 4625 ಎಂದೂ ಗುರುತಿರುತ್ತದೆ. ಯಜಮಾನರಿಗೆ ತೋರಿಸಿದ್ದು ಮೊದಲನೆಯದು ಮಾತ್ರ. 4625 ತೆಗೆದರೆ ಸಾವಿರಾರು! ಹಳೆಯವು ಜಾಗ ಸಾಲದೆ ಅಳಿಸಿಹೋಗಿ ಕೊನೆಯ ಕೆಲವು ದಿನಗಳದ್ದಷ್ಟೇ ಉಳಿದಿತ್ತು, ಆದರೂ ಸಾವಿರಾರು. ಅಡ್ಮಿನ್, ಟೆಸ್ಟ್, ಸ್ಕ್ಯಾನರ್, ನಮ್ಮಲ್ಲಿ ಯಾರೂ ಇಲ್ಲದ ಹೆಸರುಗಳು, ಕೆಲವು ಸೆಕೆಂಡಿಗೊಂದರಂತೆ ರಾತ್ರಿಯಿಡೀ. ಎಲ್ಲವೂ 192.168.10.1 ರಿಂದ. ಆ ವಿಳಾಸ ಕಾಕಾರದ್ದೇ ಎನ್ನುವುದಾದರೆ ಕಾಕಾ ವಾರಗಟ್ಟಲೆ ನಿದ್ದೆಗೆಟ್ಟು ಸೆಕೆಂಡಿಗೊಂದು ಹೆಸರು ಒತ್ತುತ್ತಿದ್ದರು ಎನ್ನಬೇಕು. ರೌಟರಿನ ಲಾಗ್ ಇದ್ದಿದ್ದರೆ ಹೊರಗಿನ ಅಸಲು ವಿಳಾಸ ಅದರಲ್ಲಿ ಸಿಗುತ್ತಿತ್ತು. ಅದನ್ನು ಇಡುವ ಏರ್ಪಾಡು ನಾನು ಮಾಡಿರಲಿಲ್ಲ. ಕಾಕಾರ ಪಾಸ್‌ವರ್ಡ್ ಆಫೀಸಿನ ಹೆಸರು ಮತ್ತು 123. ಅದನ್ನು ಇಟ್ಟುಕೊಟ್ಟವನೂ ನಾನೇ.

ಎರಡು ರೂಲುಗಳನ್ನೂ ಪ್ರಿಂಟ್ ತೆಗೆದು, 4625ರ ಪಟ್ಟಿಯ ಜೊತೆ ಯಜಮಾನರ ಮೇಜಿನ ಮೇಲಿಟ್ಟು, ಎಲ್ಲರ ಮುಖವನ್ನೂ ಒಂದೇ ಮಾಡಿದ ಸಾಲು ಇದು, ಬರೆದವನು ನಾನು ಎಂದೆ. ಅವರು ಬಯ್ದರು, ಸಿಟ್ಟು ಇಳಿದ ಮೇಲೆ ಕಾಕಾರನ್ನು ಕರೆಸಿ ಮಾತಾಡಿದರು. ಕಾಕಾ ಮೂರು ವಾರದ ವೋಚರುಗಳನ್ನು ಕಾಗದ ನೋಡಿ ಒಂದೊಂದಾಗಿ ಮತ್ತೆ ಹೊಡೆದರು. ನಾನು ಪಕ್ಕದಲ್ಲಿ ಕೂತು ಓದಿ ಹೇಳುತ್ತಿದ್ದೆ. ಎರಡನೆಯ ದಿನವೋ ಮೂರನೆಯ ದಿನವೋ ಕೈ ನಿಲ್ಲಿಸದೆ ಕೇಳಿದರು: “ಅಲ್ಲೋ ತಮ್ಮಾ, ಹತ್ತು ರೂಪಾಯಿ ಚಾದ ವೋಚರಿಗೂ ನಾವು ಯಾರಿಗೆ, ಯಾಕ ಅಂತ ನರೇಶನ್ ಬರೀತೀವಿ. ನಿನ್ನ ರೂಲಿಗೆ ನರೇಶನ್ ಇಲ್ಲೇನು?”

ಇದೆ. ಬಹುಮಟ್ಟಿಗೆ ಎಲ್ಲ ಪೆಟ್ಟಿಗೆಗಳಲ್ಲೂ ರೂಲಿನ ಪಕ್ಕದಲ್ಲಿ ಟಿಪ್ಪಣಿ ಬರೆಯಲು ಒಂದು ಖಾಲಿ ಜಾಗ ಇರುತ್ತದೆ. ಅಲ್ಲಿ ನಾನು ಒಂದಕ್ಷರವನ್ನೂ ಬರೆದಿರಲಿಲ್ಲ.

ಈಗ ಬರೆಯುತ್ತೇನೆ: ಯಾರು ಕೇಳಿದರು, ಯಾತಕ್ಕೆ, ಯಾವ ತಾರೀಖಿನವರೆಗೆ. ತಿಂಗಳ ಮೊದಲ ಸೋಮವಾರ ಪಟ್ಟಿ ಓದಿ, ತಾರೀಖು ಮೀರಿದ್ದನ್ನು ಮೊದಲು ನಿಲ್ಲಿಸಿಟ್ಟು, ವಾರ ಕಳೆದು ಯಾರೂ ಕೂಗದಿದ್ದರೆ ಅಳಿಸುತ್ತೇನೆ. ಹೊಸ ರೂಲು ಬರೆದ ಮೇಲೆ ಆಫೀಸಿನೊಳಗಿಂದ ನೋಡಿ ಸರಿಯಾಯಿತು ಎನ್ನುವುದಿಲ್ಲ. ಮೊಬೈಲಿನ ಡೇಟಾದಿಂದ, ಅಂದರೆ ನಿಜವಾಗಿ ಹೊರಗಿನಿಂದ, ಒಮ್ಮೆ ಒಳಬಂದು, ಸರ್ವರಿನ ಲಾಗಿನಲ್ಲಿ ನನ್ನ ಮೊಬೈಲಿನ ಹೊರವಿಳಾಸವೇ ಕಾಣುತ್ತಿದೆಯೇ ಎಂದು ನೋಡುತ್ತೇನೆ. ರೌಟರು ಮಾಡುವ ಪ್ರತಿ ಬದಲಾವಣೆಯ ಲಾಗ್ ಬೇರೊಂದು ಯಂತ್ರಕ್ಕೆ ಹೋಗುತ್ತದೆ. 2022ರ ಏಪ್ರಿಲ್‌ನಲ್ಲಿ ಭಾರತ ಸರಕಾರದ ಸರ್ಟ್-ಇನ್ ಸಂಸ್ಥೆ ಹೊರಡಿಸಿದ ಆದೇಶದ ಪ್ರಕಾರ ಲಾಗುಗಳನ್ನು 180 ದಿನ ಇಡಬೇಕು, ಇಂಥ ಪ್ರಕರಣ ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು. ನೆನಪಿಡಿ, ಹೊರವಿಳಾಸ ಒಂದನ್ನೇ ಹಿಡಿದು ಒಳಗಿನ ವ್ಯಕ್ತಿಯನ್ನು ಗುರುತಿಸಲಾಗುವುದಿಲ್ಲ. ಪೋರ್ಟ್ ನಂಬರು ಬೇಕು, ಸೆಕೆಂಡಿನವರೆಗೆ ಸರಿಯಾದ ಸಮಯ ಬೇಕು. ಅದಕ್ಕಾಗಿ ಎಲ್ಲ ಯಂತ್ರಗಳ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು.

ಹಾಸ್ಟೆಲಿನಲ್ಲಿ ಅಥವಾ ಮನೆಯಲ್ಲಿ ಪ್ರಯೋಗ ಮಾಡುವವರಿಗೆ ಒಂದು ಸೂಚನೆ. ನಿಮ್ಮ ರೌಟರಿನ ಹೊರಗಡೆಯ ವಿಳಾಸ 100.64 ರಿಂದ 100.127 ರೊಳಗೆ ಇದ್ದರೆ ನಿಮ್ಮ ಮೇಲೆ ಕಂಪೆನಿಯವರದೇ ಇನ್ನೊಂದು ನ್ಯಾಟ್ ಇದೆ ಎಂದರ್ಥ. ಗಲ್ಲಾದ ಆಚೆ ಇನ್ನೊಂದು ಗಲ್ಲಾ. ಒಳಕ್ಕೆ ಬರುವ ರೂಲು ನೀವು ಎಷ್ಟು ಬರೆದರೂ ಅಲ್ಲಿ ನಡೆಯದು. ಐಪಿ ಆರನೆಯ ಆವೃತ್ತಿಯಲ್ಲಿ ವಿಳಾಸಕ್ಕೆ ಬರವಿಲ್ಲ, ಒಬ್ಬೊಬ್ಬರಿಗೂ ಸ್ವಂತದ್ದು. ನಮ್ಮ ದೇಶದ ಇಂಟರ್‌ನೆಟ್ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಈಗಾಗಲೇ ಸಿಗುತ್ತಿದೆ. ಅಲ್ಲಿ ನ್ಯಾಟ್ ಇಲ್ಲದಿದ್ದರೂ ಫೈರ್‌ವಾಲ್ ಬೇಕೇ ಬೇಕು. ಅದು ಇನ್ನೊಂದು ಲೇಖನದ ಮಾತು.

ಕಾಕಾ ಮರುವರ್ಷ ನಿವೃತ್ತರಾದರು. ಮಾರ್ಚ್ ತಿಂಗಳಲ್ಲಿ ಲೆಕ್ಕ ಮುಗಿಸುವಾಗ ಮಾತ್ರ ಈಗಲೂ ಡೊಂಬಿವಲಿಯಿಂದ ಸಹಾಯ ಮಾಡುತ್ತಾರೆ. 33890 ಮುಚ್ಚಿದೆ, ಅವರು ವಿಪಿಎನ್ ಸುರಂಗದಿಂದ, ಮೊಬೈಲಿಗೆ ಬರುವ ಗುಪ್ತಸಂಖ್ಯೆ ಒತ್ತಿ ಬರುತ್ತಾರೆ. ಸುರಂಗದಲ್ಲಿ ಅವರಿಗೆ 10.8.0.2 ಎಂಬ ವಿಳಾಸ ಇದೆ. ಆ ನಂಬರನ್ನು ನಾನು ಇನ್ನೊಬ್ಬರಿಗೆ ಕೊಟ್ಟಿಲ್ಲ. ಅದರ ಸಾಲಿನ ಪಕ್ಕದಲ್ಲಿ ನರೇಶನ್ನೂ ಇದೆ.